ಕಾಣದ ಕೈಯ ಜೇನು

ಆಹಾರ ಪದಾರ್ಥಗಳ ಗುಣಮಟ್ಟ ನೋಡುವ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಬಳಿ ಬಂದು, ನಾಲಿಗೆಯನ್ನು ಪಳಗಿಸುವುದು ಹೇಗೆಂದು ಕೇಳುತ್ತಾರೆ. ನಾಲಿಗೆ ತಾನಾಗಿಯೇ ಪಳಗುತ್ತದೆ. ರುಚಿ ನೋಡುವ ಮೊದಲು ಕಾಫಿ ಕುಡಿಯಬಾರದು, ವೀಳ್ಯ ಬಿಡಬೇಕು, ನೆಗಡಿಯಾದ ದಿನ ಮರ್ಯಾದೆಯಿಂದ ರಜೆ ಹಾಕಬೇಕು, ಇಷ್ಟೇ. ಕೊನೆಯವರೆಗೂ ಪಳಗದೆ ಉಳಿಯುವವರು ಮೇಲಧಿಕಾರಿಗಳು. ಅವರಲ್ಲಿ ಒಬ್ಬರ ವಿಷಯವನ್ನೂ, ನನ್ನ ವೃತ್ತಿಯಲ್ಲಿ ಇಂದಿಗೂ ಅರ್ಥವಾಗದ ಒಂದು ಪ್ರಕರಣವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ಬರುವುದಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಸಕಲೇಶಪುರಕ್ಕೆ ಬಂದೆ. ರಫ್ತು ಮಾಡುವ ಕಂಪನಿಯೊಂದು ಹಳೆಯ ಕಾಫಿ ಗೋದಾಮನ್ನು ಬಾಡಿಗೆಗೆ ಹಿಡಿದು ಅಲ್ಲಿ ತನ್ನ ಸಂಗ್ರಹ ಘಟಕವನ್ನು ತೆರೆದಿತ್ತು. ಕೈಯಿಂದ ಮಾಡಿದ ನಮ್ಮ ತಿನಿಸುಗಳಿಗೆ ಹೊರದೇಶಗಳಲ್ಲಿ ಇದ್ದಕ್ಕಿದ್ದಂತೆ ಬೇಡಿಕೆ ಹುಟ್ಟಿದ್ದ ಕಾಲ ಅದು. ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಕಾಡುಜೇನು, ನಾವು ಮನೆಗೆ ಬಂದವರ ಮುಂದಿಡಲೂ ಸಂಕೋಚಪಡುತ್ತಿದ್ದ ಕಪ್ಪು ಬೆಲ್ಲ, ಎಲ್ಲವೂ ಹಡಗು ಹತ್ತತೊಡಗಿದವು. ಆಹಾರ ವಿಜ್ಞಾನದಲ್ಲಿ ಪದವಿ ಪಡೆದ ನನ್ನನ್ನು ಗುಣಮಟ್ಟ ಪರೀಕ್ಷಕಿಯಾಗಿ ನೇಮಿಸಿದರು. ಕುಳಿತುಕೊಳ್ಳಲು ಕೊಟ್ಟದ್ದು ಗೋಣಿಚೀಲದ ಕೋಣೆ. ಮೇಜು ಬಂತು, ಕುರ್ಚಿ ಬರಲಿಲ್ಲ. ಕೇಳಿದಾಗ ಮ್ಯಾನೇಜರ್ ವಾಸುದೇವ ರಾಯರು, "ರುಚಿ ನೋಡೋದಕ್ಕೆ ಕೂತ್ಕೋಬೇಕಾ?" ಎಂದು ನಕ್ಕರು. ಜೊತೆಗಿದ್ದ ಗುಮಾಸ್ತರೂ ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಈಗಲೂ ನೆನಪಿದೆ. ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಆದ್ದರಿಂದ ಹೆಸರು ಬರೆಯುವುದಿಲ್ಲ.

ಆ ದಿನಗಳಲ್ಲಿ ನಮ್ಮ ಕೆಲಸ ಹೇಗಿತ್ತೆಂಬುದಕ್ಕೆ ಹಪ್ಪಳದ ಪ್ರಸಂಗವೊಂದೇ ಸಾಕು. ಕೆ. ಹೊಸಕೋಟೆಯ ಕಡೆಯ ಹೆಂಗಸರು ಹಪ್ಪಳ ಒತ್ತಿ ಕೊಡುತ್ತಿದ್ದರು. ಎಲ್ಲವೂ ಒಂದೇ ಅಳತೆಯಲ್ಲಿರಬೇಕೆಂದು ರಾಯರು ಆಜ್ಞೆ ಮಾಡಿ, ಸ್ಟೀಲಿನ ಬಟ್ಟಲ ಅಂಚಿನಿಂದ ಕತ್ತರಿಸುವ ಪದ್ಧತಿ ತಂದರು. ಹಪ್ಪಳಗಳು ಬಿಲ್ಲೆಗಳಂತೆ ಸಾಲಾಗಿ ಕುಳಿತವು. ಜರ್ಮನಿಯ ಖರೀದಿದಾರರಿಂದ ತಕರಾರು ಬಂತು: ಇವು ಯಂತ್ರದಲ್ಲಿ ಮಾಡಿದವು, ಕೈಯಿಂದ ಮಾಡಿದವಲ್ಲ. ರಾಯರು ಮತ್ತೆ ಆಲೂರಿನ ದಾರಿ ಹಿಡಿದು ಆ ಹೆಂಗಸರ ಬಳಿಗೆ ಹೋಗಿ, ಇನ್ನು ಮೇಲೆ ಸೊಟ್ಟಸೊಟ್ಟಾಗಿ ಒತ್ತಬೇಕೆಂದು ಭಾಷಣ ಮಾಡಿದರು. ಒಬ್ಬಾಕೆ ಎದ್ದು ನಿಂತು ಕೇಳಿದಳು: "ಎಷ್ಟು ಸೊಟ್ಟ ಅಂತ ಒಂದು ಮಾದರಿ ಕೊಟ್ಬುಡಿ ಸ್ವಾಮಿ, ಅಂಗೇ ಒತ್ತೀವಿ." ರಾಯರಿಗೆ ಅದು ವ್ಯಂಗ್ಯವೆಂದು ತಿಳಿಯಲಿಲ್ಲ. ಮಾದರಿ ಕೊಟ್ಟರು.

ಇದಾದ ಮೇಲೆ ಖರೀದಿದಾರರ ಬೇಡಿಕೆ ಬದಲಾಯಿತು. ವಸ್ತು ಚೆನ್ನಾಗಿದ್ದರೆ ಸಾಲದು, ಅದನ್ನು ಮಾಡಿದ ಮನುಷ್ಯ ಕಾಣಬೇಕು. ಹಪ್ಪಳದ ಪೊಟ್ಟಣದ ಮೇಲೆ ಒತ್ತಿದವಳ ಮುಖ, ಉಪ್ಪಿನಕಾಯಿಯ ಮೇಲೆ ಹಾಕಿದವಳ ಮುಖ. ಪ್ರತಿಯೊಬ್ಬರನ್ನೂ ಪರೀಕ್ಷಕರು ಕಣ್ಣಾರೆ ಕಂಡು, ಕಂಡೆನೆಂದು ಸಹಿ ಹಾಕಬೇಕು. ಹಪ್ಪಳ, ಉಪ್ಪಿನಕಾಯಿಗಳಿಗೆ ಇದರಿಂದ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಮಾರನಹಳ್ಳಿಯ ಜೇನಿಗೆ.

ಶಿರಾಡಿ ಘಾಟಿಯ ನೆತ್ತಿಯಲ್ಲಿರುವ ಮಾರನಹಳ್ಳಿಯಲ್ಲಿ ಸಣ್ಣಮ್ಮನವರೆಂಬ ವಿಧವೆ ಒಂದು ಅಂಗಡಿ ಇಟ್ಟುಕೊಂಡಿದ್ದರು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅವರಿಂದ ನಮಗೆ ಜೇನು ಬರುತ್ತಿತ್ತು. ಬಾಟಲಿಯಲ್ಲಲ್ಲ, ಡಬ್ಬದಲ್ಲಲ್ಲ, ಬಿದಿರಿನ ಗಂಟು ಕತ್ತರಿಸಿ ಮಾಡಿದ ಅಂಡೆಗಳಲ್ಲಿ, ಬಾಯಿಗೆ ಜೇನುಮೇಣದ ಮುದ್ರೆ ಒತ್ತಿ. ನಾನು ಅದನ್ನು ಮೊದಲ ಸಲ ನಾಲಿಗೆಗಿಟ್ಟ ದಿನ ಮಧ್ಯಾಹ್ನದ ಬಿಸಿಲಿತ್ತು. ಮೊದಲು ಹೂವಿನ ಸಿಹಿ, ಅದರ ಹಿಂದೆ ತುಸು ಕಹಿ, ಅದೂ ಕರಗಿದ ಮೇಲೆ ಗಂಟಲಲ್ಲಿ ಒಂದು ತಣ್ಣನೆಯ ಸ್ಪರ್ಶ. ಯಾರೋ ಬಾಗಿಲಲ್ಲಿ ಬಂದು ನಿಂತಂತೆನಿಸಿ ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅದೇ ಜೇನನ್ನು ಬೇರೆ ಬೇರೆ ದಿನಗಳಲ್ಲಿ ನಾನು ಮತ್ತೆ ಮತ್ತೆ ಪರೀಕ್ಷಿಸಿದ್ದೇನೆ. ಪ್ರತಿ ಸಲವೂ ತಿರುಗಿ ನೋಡಿದ್ದೇನೆ. ಪ್ರಯೋಗಾಲಯಕ್ಕೆ ಕಳಿಸಿದಾಗ, ಶುದ್ಧ ಜೇನು, ದೋಷವಿಲ್ಲ ಎಂಬ ಉತ್ತರ ಬಂತು. ಖರೀದಿದಾರರು ಎಷ್ಟಿದ್ದರೂ ಕಳಿಸಿ ಎಂದರು.

ಮುದ್ರೆಗಳನ್ನು ನಾನು ಸುಮ್ಮನೆ ಒಡೆಯುತ್ತಿರಲಿಲ್ಲ. ಮೇಣದ ಮೇಲೆ ಹೆಬ್ಬೆರಳಿನ ಗುರುತಿರುತ್ತಿತ್ತು, ಆ ಗುರುತಿಗೆ ಅಡ್ಡವಾಗಿ ಓರೆಯಾದ ಒಂದು ಗಾಯದ ಗೆರೆ. ಎಲ್ಲ ಅಂಡೆಗಳ ಮೇಲೂ ಅದೇ ಬೆರಳು. ಇದನ್ನು ಹೇಳಿದಾಗ ಸಣ್ಣಮ್ಮನವರು ಒಳಗೆ ಹೋಗಿ ಅಟ್ಟದಿಂದ ಒಂದು ಹಳೆಯ ಅಂಡೆ ಇಳಿಸಿದರು. ಹೊಗೆ ಹಿಡಿದು ಕಪ್ಪಾಗಿತ್ತು. ಅವರ ಅತ್ತೆ ಆ ಮನೆಗೆ ಸೊಸೆಯಾಗಿ ಬಂದ ವರ್ಷದ್ದಂತೆ. ಬಾಯಂಚಿನಲ್ಲಿ ಮೇಣದ ತುಣುಕೊಂದು ಅಂಟಿಕೊಂಡಿತ್ತು. ಅದರ ಮೇಲೆ ಆ ಓರೆಗೆರೆ.

"ಯಾರದಮ್ಮಾ ಇದು ಬೆರಳು?" ಎಂದೆ.

"ಅದ್ನ ಕೇಳಂಗಿಲ್ಲ ಕಣ್ರಮ್ಮ. ನಮ್ಮತ್ತೆನೂ ಕೇಳಿರ್ನಿಲ್ಲ."

ಆಮೇಲೆ ಅವರು ಪದ್ಧತಿಯನ್ನು ಹೇಳಿದರು. ಊರಿನ ಕೆಳಗೆ, ರೈಲುದಾರಿಯ ಆಚೆ, ಒಂದು ಧೂಪದ ಮರವಿದೆ. ಅದರ ಬುಡದಲ್ಲಿ ಚಪ್ಪಟೆ ಕಲ್ಲು. ಜೇನಿನ ಕಾಲದಲ್ಲಿ ಸಣ್ಣಮ್ಮನವರು ಅಲ್ಲಿಗೆ ಹೋಗಿ ಉಪ್ಪು, ಹೊಗೆಸೊಪ್ಪು, ಒಂದು ಪಂಚೆ, ಕೆಲವು ವರ್ಷ ಒಂದು ಹೊಸ ಕತ್ತಿ ಇಡುತ್ತಾರೆ. "ಇಟ್ಟಿವ್ನಿ ಕಣಪ್ಪ" ಎಂದು ಒಮ್ಮೆ ಕೂಗಿ, ಬೆನ್ನು ತಿರುಗಿಸಿ, ಹಿಂದೆ ನೋಡದೆ ಮನೆಗೆ ಬರುತ್ತಾರೆ. ಮರುದಿನ ಹೋದರೆ ಉಪ್ಪು ಇರುವುದಿಲ್ಲ, ಅಂಡೆಗಳು ಇರುತ್ತವೆ. ಕೊಡುವವರನ್ನು ನೋಡುವಂತಿಲ್ಲ, ಹೆಸರು ಕೇಳುವಂತಿಲ್ಲ. ಅವರ ಅತ್ತೆ ಸಾಯುವ ಮುಂಚೆ ಕೈಮೇಲೆ ಕೈ ಇಡಿಸಿಕೊಂಡು ಈ ಮಾತು ಪಡೆದಿದ್ದರು. ಗಂಡ ಸತ್ತ ಮೇಲೆ ಸಣ್ಣಮ್ಮನವರು ಯಾರ ಮುಂದೂ ಕೈ ಚಾಚದೆ ಬದುಕಿದ್ದು ಆ ಜೇನಿನಿಂದ.

ಇದನ್ನು ನಾನು ರಾಯರಿಗೆ ತಿಳಿಸಬೇಕಾಯಿತು, ಏಕೆಂದರೆ ಜೇನು ತೆಗೆದವನ ಮುಖವಿಲ್ಲದಿದ್ದರೆ ಆ ವರ್ಷದ ಬೇಡಿಕೆಯನ್ನು ರದ್ದು ಮಾಡುವುದಾಗಿ ಖರೀದಿದಾರರು ಹೇಳಿದ್ದರು. ಅವರ ಪ್ರತಿನಿಧಿ ಬಂದಿದ್ದ ದಿನ ರಾಯರು ನನ್ನನ್ನು ಪರಿಚಯಿಸಿದ್ದು, ನಮ್ಮಲ್ಲಿ ರುಚಿ ನೋಡುವ ಹೆಂಗಸು, ಎಂದು. ಪರೀಕ್ಷಕಿ ಎನ್ನಲಿಲ್ಲ. ಅಂದು ನಾನು ಸ್ವಂತ ಹಣದಲ್ಲಿ ತಂದಿಟ್ಟುಕೊಂಡಿದ್ದ ಕುರ್ಚಿಯನ್ನೂ ಅತಿಥಿಗೆ ಒಯ್ದರು. ಅದರ ಒಂದು ಕೈ ಮುರಿದು ವಾಪಸು ಬಂತು. ಇರಲಿ. ಸಣ್ಣಮ್ಮನವರ ವಿಷಯ ಕೇಳಿ ರಾಯರು ಮೇಜು ಕುಟ್ಟಿದರು.

"ಅದ್ಭುತ ರೀ! ಇಂಥ ಕಥೆಗೇ ಅವರು ಸಾಯ್ತಾರೆ. ಹೋಗಿ ಅಡಗಿ ಕೂತು ಫೋಟೋ ತೆಗೆಯೋಣ."

"ನೋಡಿದರೆ ಜೇನು ನಿಲ್ಲುತ್ತದೆ ಎನ್ನುತ್ತಾರೆ ಸರ್. ಆಕೆಯ ಬದುಕು ಅದರ ಮೇಲಿದೆ. ನನ್ನ ಅಭಿಪ್ರಾಯದಲ್ಲಿ ಇದು ಸರಿಯಲ್ಲ."

"ನಿಮಗೆ ಸಂಬಳ ಕೊಡೋದು ನಾಲಿಗೆಗೆ ರೀ, ಅಭಿಪ್ರಾಯಕ್ಕಲ್ಲ."

ಈ ವಾಕ್ಯವನ್ನು ಅವರು ನಿಂತುಕೊಂಡು, ಕಿಟಕಿಯ ಕಡೆ ಮುಖಮಾಡಿ ಹೇಳಿದರು. ಆಮೇಲೆ ತಾವು ಹಾಗೆ ಹೇಳಿಯೇ ಇಲ್ಲ ಎಂದರು. ಹೇಳಿದ್ದರು.

ಸಣ್ಣಮ್ಮನವರು ಒಪ್ಪಲಿಲ್ಲ. ರಾಯರು ಅವರ ಅಂಗಡಿಯ ಮುಂದೆ ನಿಂತು, ಒಪ್ಪದಿದ್ದರೆ ಇನ್ನು ಮುಂದೆ ಅವರಿಂದ ಏನನ್ನೂ ಕೊಳ್ಳುವುದಿಲ್ಲ ಎಂದರು. ಆಕೆ ನನ್ನ ಕಡೆ ನೋಡಿದರು. "ನೀವಾರ ಹೇಳ್ರಮ್ಮ. ನೋಡ್ದೇ ಇದ್ರೆ ಒಂದು ಜಲ್ಮಕ್ಕಾಗೋವಷ್ಟು ಬತ್ತದೆ. ನೋಡ್ಬುಟ್ರೆ ಅವತ್ತಿಗೇ ಮುಗೀತು."

"ಮುಗಿಯೋದು ಏನೂ ಇಲ್ಲಮ್ಮ," ಎಂದರು ರಾಯರು. "ಅವನಿಗೆ ಒಂದು ಮನೆ ಕಟ್ಟಿಸಿಕೊಡ್ತೀವಿ."

"ಅವ್ರು ಮನೆ ಕೇಳಿದ್ರಾ?" ಎಂದರು ಸಣ್ಣಮ್ಮ. ಕೊನೆಗೆ ಆಕೆ ಕೀಲಿ ಹಾಕಿಕೊಂಡು ಬಂದರು. ಹೋಗದಿದ್ದರೆ ಇವರು ತಾವೇ ಹುಡುಕಿಕೊಂಡು ಹೋಗಿ ಇನ್ನೇನು ಮಾಡುವರೋ ಎಂಬ ಭಯ ಅವರಿಗಿತ್ತೆಂದು ಆಮೇಲೆ ಹೇಳಿದರು.

ನಮ್ಮನ್ನು ಜೀಪಿನಲ್ಲಿ ಒಯ್ದವನು ಘಟಕದ ಚಾಲಕ ಫೆಲಿಕ್ಸ್. ಮಂಗಳೂರು ಕಡೆಯಿಂದ ಬಂದು ಹಾನುಬಾಳಿನಲ್ಲಿ ನೆಲೆಸಿದ ಮನೆತನದವನು; ಆ ಘಟಕದಲ್ಲಿ ನನ್ನನ್ನು ಗೌರವದಿಂದ ಮಾತನಾಡಿಸುತ್ತಿದ್ದವನು ಅವನೊಬ್ಬನೇ. ಇಳಿಜಾರಿನ ತುದಿಯಲ್ಲಿ ಜೀಪು ನಿಲ್ಲಿಸಿದ, ಕೆಳಗಿಳಿಯಲಿಲ್ಲ.

"ನೀನೂ ಬಾರಯ್ಯ, ಕ್ಯಾಮೆರಾ ಚೀಲ ಹಿಡ್ಕೊ," ಎಂದರು ರಾಯರು.

"ಇಲ್ಲ ಸರ್, ನಾನಿಲ್ಲೇ ಕೂತು ಪ್ರಾರ್ಥನೆ ಮಾಡ್ತೇನೆ. ನಿಮ್ಮ ಪರವಾಗಿ ಒಬ್ಬರಾದರೂ ಮಾಡ್ಬೇಕಲ್ಲ ಮಾರಾಯ್ರೆ."

ಆ ವರ್ಷಗಳಲ್ಲಿ ಘಾಟಿಯ ರೈಲುದಾರಿಯನ್ನು ಅಗಲಗೊಳಿಸುವ ಕೆಲಸ ನಡೆದು ರೈಲುಗಳೇ ಇರಲಿಲ್ಲ. ಹಳಿ ಕಿತ್ತ ದಾರಿಯ ಮೇಲೆ ಜಲ್ಲಿಕಲ್ಲು ಮಾತ್ರ ಬಿದ್ದಿತ್ತು. ಒಂದು ಗಿಡ್ಡ ಸುರಂಗವನ್ನು ದಾಟಬೇಕು. ಒಳಗೆ ನೀರು ತೊಟ್ಟಿಕ್ಕುವ ಸದ್ದು, ರಾಯರ ಬೂಟಿನ ಸದ್ದು. ನಡುವೆ ಎಲ್ಲೋ ಬಿಸಿ ಮೇಣದ ವಾಸನೆ ಬಂತು. ಯಾರಾದರೂ ಈಗಷ್ಟೇ ಆ ದಾರಿಯಲ್ಲಿ ಹೋಗಿದ್ದರೆ ಮಾತ್ರ ಅಷ್ಟು ತಾಜಾ ಇರುತ್ತದೆ. ಸಣ್ಣಮ್ಮನವರಿಗೂ ಅದು ತಿಳಿಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತಾ ನಡೆದರು.

ಧೂಪದ ಮರಕ್ಕೆ ಎದುರಾಗಿ ಬಿದ್ದಿದ್ದ ಒಂದು ದಿಮ್ಮಿಯ ಹಿಂದೆ ರಾಯರೂ ನಾನೂ ಕುಳಿತೆವು. ಸಣ್ಣಮ್ಮನವರು ಕಾಗದದಲ್ಲಿ ಕಟ್ಟಿದ ಉಪ್ಪಿನ ಪೊಟ್ಟಣವನ್ನು ಕಲ್ಲಿನ ಮೇಲಿಟ್ಟರು. "ಇಟ್ಟಿವ್ನಿ ಕಣಪ್ಪ" ಎಂದರು. ಬೆನ್ನು ತಿರುಗಿಸಿ ಸುರಂಗದ ಬಾಯಿಯವರೆಗೆ ಹೋಗಿ, ನಮ್ಮ ಕಡೆಗೂ ಬೆನ್ನು ಮಾಡಿ ನಿಂತರು.

ನಾವು ಕಾದೆವು. ಬೆಳಗಿನ ಹೊತ್ತು, ಜೀರುಂಡೆಗಳು ಕಿವಿ ಕೊರೆಯುವಂತೆ ಕೂಗುತ್ತಿದ್ದವು. ನಾನು ಉಪ್ಪಿನ ಪೊಟ್ಟಣದ ಮೇಲೆ ಕಣ್ಣಿಟ್ಟಿದ್ದೆ. ಇಷ್ಟವಿಲ್ಲದ ಕೆಲಸವನ್ನೂ ಅರೆಮನಸ್ಸಿನಿಂದ ಮಾಡುವ ಅಭ್ಯಾಸ ನನಗಿಲ್ಲ. ಕಣಿವೆಯಿಂದ ಮಂಜು ಏರಿ ಬಂತು. ಮೊದಲು ಮರದ ತುದಿ ಹೋಯಿತು, ಆಮೇಲೆ ಬುಡ, ಆಮೇಲೆ ಕಲ್ಲು. ಪಕ್ಕದಲ್ಲಿದ್ದ ರಾಯರ ಉಸಿರು ಮಾತ್ರ ಕೇಳಿಸುತ್ತಿತ್ತು. ಜೀರುಂಡೆಗಳು ಯಾವಾಗ ನಿಂತವೆಂದು ನಾನು ಗಮನಿಸಿರಲಿಲ್ಲ, ನಿಂತಿದ್ದವು. ಆ ನಿಶ್ಶಬ್ದದಲ್ಲಿ ಯಾರೋ ನಮ್ಮನ್ನು ಬಹಳ ಸಾವಧಾನದಿಂದ, ನಾನು ಜೇನನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ಹಾಗೆ, ನೋಡುತ್ತಿದ್ದಾರೆಂದು ನನಗೆ ಅನ್ನಿಸಿತು. ಎದುರಿನಿಂದಲ್ಲ.

ಮಂಜು ಬಂದ ಹಾಗೆಯೇ ಸರಿಯಿತು. ಕಲ್ಲಿನ ಮೇಲೆ ಉಪ್ಪು ಇರಲಿಲ್ಲ. ಅಂಡೆಯೂ ಇರಲಿಲ್ಲ.

"ಕೋತಿ ಒಯ್ದಿರುತ್ತೆ," ಎಂದರು ರಾಯರು ಗಟ್ಟಿಯಾಗಿ. "ಎಲ್ಲ ಬೊಗಳೆ. ಈ ಹೆಂಗಸು ಯಾರೋ ಕಳ್ಳರ ಹತ್ತಿರ ಕೊಂಡುಕೊಂಡು..." ಎನ್ನುತ್ತಾ ಎದ್ದು ಹಿಂದಕ್ಕೆ ತಿರುಗಿದವರು ಅಲ್ಲಿಗೇ ನಿಲ್ಲಿಸಿದರು.

ನಾವು ಕುಳಿತಿದ್ದ ಜಾಗದ ಹಿಂದೆ, ಕೈ ಚಾಚಿದರೆ ತಾಗುವಷ್ಟು ಹತ್ತಿರದಲ್ಲಿ, ವಸ್ತುಗಳನ್ನು ಸಾಲಾಗಿ ಜೋಡಿಸಿಟ್ಟಿತ್ತು. ಮಡಿಕೆ ಬಿಚ್ಚದ ಪಂಚೆಗಳು. ಕೆಳಗಿನವು ಮಾಸಿ ಹಳದಿಯಾಗಿದ್ದವು, ಮೇಲಿನವು ಇನ್ನೂ ಬಿಳಿ. ಒಮ್ಮೆಯೂ ಮಸೆಯದೆ ತುಕ್ಕು ಹಿಡಿದ ಕತ್ತಿಗಳು. ಮುಟ್ಟಿದರೆ ಪುಡಿಯಾಗುವ ಹೊಗೆಸೊಪ್ಪಿನ ಕಂತೆಗಳು. ಉಪ್ಪು: ಎಲೆಯಲ್ಲಿ ಕಟ್ಟಿದ್ದು, ಬಟ್ಟೆಯಲ್ಲಿ ಕಟ್ಟಿದ್ದು, ಕಾಗದದಲ್ಲಿ ಕಟ್ಟಿದ್ದು; ಹಳೆಯವು ಕಲ್ಲಿನಂತೆ ಗಟ್ಟಿಯಾಗಿದ್ದವು. ಸಾಲಿನ ಕೊನೆಯಲ್ಲಿ ಅಂದು ಬೆಳಿಗ್ಗೆ ಇಟ್ಟ ಪೊಟ್ಟಣ. ನನ್ನ ಸೀರೆ, ರಾಯರ ಅಂಗಿ, ದಿಮ್ಮಿ, ಹುಲ್ಲು ಎಲ್ಲವೂ ಮಂಜಿನಿಂದ ಒದ್ದೆಯಾಗಿದ್ದವು. ಆ ಕಾಗದ ಮಾತ್ರ ಒಣಗಿಯೇ ಇತ್ತು. ಅದನ್ನು ನಾನು ಮುಟ್ಟಿ ನೋಡಿದ್ದೇನೆ.

ಕೊರಳಲ್ಲಿ ಕ್ಯಾಮೆರಾ ತೂಗುತ್ತಿದ್ದರೂ ರಾಯರು ಒಂದು ಫೋಟೋವನ್ನೂ ತೆಗೆಯಲಿಲ್ಲ. ಇದನ್ನು ಅವರು ತಮ್ಮ ವರದಿಯಲ್ಲಿ, ಪರೀಕ್ಷಕಿಯು ಹೆದರಿದ್ದರಿಂದ ಸಾಧ್ಯವಾಗಲಿಲ್ಲ, ಎಂದು ಬರೆದರು.

ನಾನು ಕರೆದಾಗ ಸಣ್ಣಮ್ಮನವರು ಬಂದು ಆ ಸಾಲಿನ ಮುಂದೆ ಕುಳಿತರು. ಕೆಳಗಿನ ಒಂದು ಪಂಚೆಯನ್ನು ಎಳೆದು ಅಂಚಿನ ಮೇಲೆ ಬೆರಳಾಡಿಸಿದರು. "ಇದು ನಮ್ಮತ್ತೆ ಇಟ್ಟಿದ್ದು. ನಾನು ಮದ್ವೆಯಾಗಿ ಬಂದ್ ವರ್ಸ. ನಾನೇ ಮಡಿಸಿ ಕೊಟ್ಟಿದ್ದೆ." ಆಮೇಲೆ ನಮ್ಮಿಬ್ಬರಿಗೂ ಅಲ್ಲದೆ ತಮ್ಮಷ್ಟಕ್ಕೆ ಹೇಳಿಕೊಂಡರು: "ಒಂದ್ನೂ ಮುಟ್ಟಿಲ್ವಲ್ಲೋ. ಉಪ್ಪೂ ಬ್ಯಾಡ್ವಾಗಿತ್ತು, ಬಟ್ಟೆನೂ ಬ್ಯಾಡ್ವಾಗಿತ್ತು. ನೋಡ್ಬ್ಯಾಡಿ ಅನ್ನೋದೊಂದನ್ನೇ ಅಲ್ವಾ ಅವ್ರು ಕೇಳಿದ್ದು. ಅದನ್ನೂ ಕೊಡ್ನಿಲ್ಲ ನಾವು."

ಆ ವರ್ಷ ಜೇನು ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಕಂಪನಿಗೇನೂ ನಷ್ಟವಾಗಲಿಲ್ಲ. ರಾಯರು ಬಯಲುಸೀಮೆಯಿಂದ ಪೆಟ್ಟಿಗೆ ಜೇನು ತರಿಸಿ, ಹೊಸ ಬಿದಿರಿನ ಅಂಡೆಗಳಲ್ಲಿ ತುಂಬಿಸಿ, ಮೇಣದ ಮೇಲೆ ಗುಮಾಸ್ತರಿಂದ ಹೆಬ್ಬೆರಳು ಒತ್ತಿಸಿದರು. ಮುಖಕ್ಕಾಗಿ ಫೆಲಿಕ್ಸನ ಹೆಗಲಿಗೆ ಕಂಬಳಿ ಹಾಕಿ, ಕೈಯಲ್ಲಿ ಹಗ್ಗ ಕೊಟ್ಟು, ಗೋದಾಮಿನ ಹಿಂದಿನ ಹಲಸಿನ ಮರದ ಕೆಳಗೆ ನಿಲ್ಲಿಸಿದರು. "ಈ ಫೋಟೋ ನೋಡಿದ್ರೆ ನನ್ನ ಹೆಂಡತಿಯೇ ಈ ಜೇನು ಕೊಳ್ಳಲಿಕ್ಕಿಲ್ಲ ಮೇಡಂ," ಎಂದು ಅವನು ನನ್ನ ಬಳಿ ಗೋಳಾಡಿದ. ಜರ್ಮನಿಯಲ್ಲಿ ಕೊಂಡರು. ಇವನನ್ನು ಕಾಡಿನಲ್ಲಿ ಕಣ್ಣಾರೆ ಕಂಡೆನೆಂದು ನಾನು ಸಹಿ ಹಾಕಬೇಕಿತ್ತು. ಹಾಕಲಿಲ್ಲ. ನನ್ನ ಬದಲು ಯಾರೋ ಹಾಕಿದರು. ನನ್ನನ್ನು ರುಚಿಯ ಕೆಲಸದಿಂದ ತೆಗೆದು ಖಾಲಿ ಚೀಲಗಳ ಉಸ್ತುವಾರಿಗೆ ಹಾಕಿದರು. ರಾಯರು ಮೇಲಿನ ಹುದ್ದೆಗೆ ಹೋದಾಗ ಬೀಳ್ಕೊಡುಗೆಯ ಹಾರ ತರುವ ಕೆಲಸವನ್ನು ನನಗೇ ಒಪ್ಪಿಸಲಾಯಿತು. ತಂದುಕೊಟ್ಟೆ. ಅದರಲ್ಲಿ ಬಾಡಿದ ಹೂ ಒಂದೂ ಇರಲಿಲ್ಲ. ನನ್ನ ಕೆಲಸವನ್ನು ಯಾರೂ ಬೆರಳು ಮಾಡಿ ತೋರಿಸುವಂತಿರಬಾರದು.

ಇದೆಲ್ಲದರ ಬೆಲೆ ತೆತ್ತವರು ಸಣ್ಣಮ್ಮ. ಜೇನು ನಿಂತ ಮೇಲೆ ಕಂಪನಿ ಅವರಿಂದ ಬೇರೇನನ್ನೂ ಕೊಳ್ಳಲಿಲ್ಲ. ಅಂಗಡಿಯ ಹಲಗೆಗಳು ಒಂದೊಂದಾಗಿ ಖಾಲಿಯಾದವು. ಆ ವಯಸ್ಸಿನಲ್ಲಿ ಆಕೆ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯಲು ಹೋಗತೊಡಗಿದರು. ನಾನು ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದೆ. ಆಕೆ ನನ್ನನ್ನು ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ನೆನಪಿಟ್ಟುಕೊಳ್ಳುತ್ತಿದ್ದೆ.

ರೈಲು ಮತ್ತೆ ಓಡತೊಡಗಿದ ಮೇಲೆ, ಮಳೆಗಾಲಕ್ಕೆ ಮುಂಚಿನ ಒಂದು ದಿನ ಹೋದಾಗ, ಅಂಗಡಿಗೆ ಬೀಗ ಹಾಕಿ ಹೊರಟು ನಿಂತಿದ್ದರು.

"ಎಲ್ಲಿಗಮ್ಮ?"

"ಧೂಪದ ಮರದ ತಾವಿಕ್ಕೆ. ವರ್ಸಾ ವರ್ಸಾ ಹೋಯ್ತೀನಿ."

ಕೈಯಲ್ಲಿ ಏನೂ ಇರಲಿಲ್ಲ. "ಏನು ಇಡುತ್ತೀರಿ?"

"ಇಡಾದೇನೈತೆ? ಅವ್ರಿಗೆ ಬೇಕಾದ್ದು ಏನೂಂತ ಈಗ ಗೊತ್ತಾಯ್ತಲ್ಲ. ಬೆನ್ನು ಕೊಟ್ಕಂಡು ಒಸಿ ಹೊತ್ತು ನಿಂತ್ಕತೀನಿ, ಬತ್ತೀನಿ."

"ಅವರು ಬರುತ್ತಾರಾ?"

"ನಂಗೆಂಗೆ ಗೊತ್ತಾಯ್ತದೆ? ನೋಡಾಕಿಲ್ವಲ್ಲ ನಾನು." ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಬರಾದಾದ್ರೆ ಬನ್ನಿ. ಅವತ್ತು ನೋಡಾಕೆ ನೀವೂ ಕೂತಿದ್ರಲ್ಲ."

ಹೋದೆ. ಈ ಸಲ ಸುರಂಗದೊಳಗೆ ಹೋಗದೆ, ಮೇಲಿನ ಕಾಲುದಾರಿಯಿಂದ ಇಳಿದೆವು. ಮರದ ಬುಡದ ಕಲ್ಲಿನ ಮೇಲೆ ಒಣ ಎಲೆ ಬಿದ್ದಿತ್ತು. ಸಣ್ಣಮ್ಮನವರು ಅದನ್ನು ಸೆರಗಿನಿಂದ ಒರೆಸಿದರು. ಆಮೇಲೆ ನನ್ನ ಭುಜ ಹಿಡಿದು ತಿರುಗಿಸಿ, ತಾವೂ ತಿರುಗಿ, ನನ್ನ ಮಣಿಕಟ್ಟನ್ನು ಹಿಡಿದುಕೊಂಡು ನಿಂತರು. ಎದುರಿಗೆ ಬಿಸಿಲು ಬಿದ್ದ ಗುಡ್ಡ, ದೂರದಲ್ಲಿ ಘಾಟಿ ಇಳಿಯುವ ಲಾರಿಗಳ ಸದ್ದು. ಜೀರುಂಡೆಗಳು ಕೂಗುತ್ತಿದ್ದವು.

"ತಪ್ಪಾಯ್ತು ಕಣಪ್ಪ," ಎಂದರು ಸಣ್ಣಮ್ಮ, ಗುಡ್ಡದ ಕಡೆಗೆ.

ಆಗ ಜೀರುಂಡೆಗಳು ನಿಂತವು. ಹುಲ್ಲಿನ ಮೇಲೆ ಹೆಜ್ಜೆಯ ಸದ್ದಾಗಲಿಲ್ಲ. ಆದರೆ ನನ್ನ ಕುತ್ತಿಗೆಯ ಮೇಲಿದ್ದ ಬಿಸಿಲು ಇದ್ದಕ್ಕಿದ್ದಂತೆ ಹೋಯಿತು, ಬೆನ್ನಿಗೂ ಸೂರ್ಯನಿಗೂ ನಡುವೆ ಯಾರೋ ಬಂದು ನಿಂತ ಹಾಗೆ. ನನ್ನ ಮಣಿಕಟ್ಟಿನ ಮೇಲೆ ಸಣ್ಣಮ್ಮನವರ ಹಿಡಿತ ಬಿಗಿಯಾಯಿತು. ಕಲ್ಲಿನ ಮೇಲೆ ಬಿದಿರು ತಾಗಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಕುತ್ತಿಗೆಗೆ ಮತ್ತೆ ಬಿಸಿಲು ಬಂತು.

ಸಣ್ಣಮ್ಮನವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನಡೀರಿ," ಎಂದರು. "ಏನೈತೆ ಅಂತ ನಾಳೆ ಬಂದು ನೋಡ್ಕತೀನಿ. ಇವತ್ತು ತಿರುಗಂಗಿಲ್ಲ."

ಈ ಕೆಲಸಕ್ಕೆ ಸೇರುತ್ತಿರುವ ನೀವು, ನಾನಾದರೂ ಒಮ್ಮೆ ತಿರುಗಿ ನೋಡಿದೆನೇ ಎಂದು ಕೇಳುವಿರಿ. ಎಲ್ಲರೂ ಕೇಳಿದ್ದಾರೆ. ನೋಡುವುದಕ್ಕಾಗಿಯೇ ಸಂಬಳ ಪಡೆದವಳು ನಾನು. ಯಾರು ನಕ್ಕರೆಂಬುದನ್ನೂ ನೋಡಿಟ್ಟುಕೊಂಡವಳು. ಅಂದು ಆ ಏರುದಾರಿಯನ್ನು ಇಡೀ ಹತ್ತುವವರೆಗೆ ನನ್ನ ಕಾಲಿನ ಮುಂದಿನ ನೆಲವನ್ನು ಬಿಟ್ಟು ಬೇರೇನನ್ನೂ ನಾನು ನೋಡಲಿಲ್ಲ.